ಒಂಟಿ ಸೀನು

ಗೋಣಿಕೊಪ್ಪದಿಂದ ಬಂದ ಕಡೆಯ ಬಸ್ಸು
ಕುಟ್ಟದಲ್ಲಿ ನನ್ನನ್ನಿಳಿಸಿ, ದೀಪವಾರಿಸಿ ಮಲಗಿಬಿಟ್ಟಿತು.
ಡ್ರೈವರಿಗೆ ಬಸ್ಸಿನೊಳಗೇ ಹಾಸಿಗೆ.
ನನಗೆ?

ಲಾಡ್ಜಿನ ರಿಜಿಸ್ಟರು ಅಗಲದ್ದು, ಕೆಂಪು ಗೆರೆಯದ್ದು.
ಹೆಸರು: ನೀಲಾಂಬಿಕೆ ಅಂಗಡಿ.
ಎಲ್ಲಿಂದ: ಗದಗ.
ಎಲ್ಲಿಗೆ: ಪೆನ್ನು ನಿಂತಿತು.
ಉದ್ದೇಶ: ನಿಂತದ್ದು ನಿಂತೇ ಇತ್ತು.
"ಜೊತೆಗೆ ಯಾರು?"
"ಬ್ಯಾಗು."
ಹುಡುಗ ನಗಲಿಲ್ಲ. ಪೆನ್ನು ವಾಪಸು ತೆಗೆದುಕೊಂಡ.
"ಒಬ್ಬರಿಗೆ ಕೊಡಲ್ಲ ಮೇಡಂ. ಹೋದ ಮಳೆಗಾಲ
ಒಬ್ಬರು ಬಂದಿದ್ದರು, ಒಬ್ಬರೇ.
ಬೆಳಗ್ಗೆ ಬಾಗಿಲು..."
ಅಷ್ಟಕ್ಕೇ ಬಿಟ್ಟು ಗೋಡೆಯ ಕೀಲಿಗಳ ಕಡೆ ತಿರುಗಿದ.
ಹದಿನೇಳು ಕೀಲಿ.
ಲೆಕ್ಕದ ಟೀಚರು ನಾನು, ಎಣಿಸದೆ ಇರಲಾರೆ.

ಹೇಳಬಹುದಿತ್ತು: ನೋಡು ತಮ್ಮಾ, ಸಾಯಲು ಬಂದವಳಲ್ಲ ನಾನು,
ಇಟಾರ್ಸಿ ಸ್ಟೇಷನ್ನಿನಲ್ಲಿ ತಿಗಣೆಗಳ ಜೊತೆ ಹಾಸಿಗೆ ಹಂಚಿಕೊಂಡವಳು,
ನಾಂದೇಡದ ಗುರುದ್ವಾರದಲ್ಲಿ ಇನ್ನೂರು ರೊಟ್ಟಿ ಲಟ್ಟಿಸಿ ಚಾಪೆ ಬಿಚ್ಚಿದವಳು,
ಪುರಿಯ ಧರ್ಮಶಾಲೆಯಲ್ಲಿ ಯಾರದೋ ಅಜ್ಜಿಯ ಗೊರಕೆಗೆ
ಬೆಳತನಕ ತಾಳ ಹಾಕಿದವಳು.
ಬದುಕಿಗೆ ಇಷ್ಟು ಗಟ್ಟಿಯಾಗಿ ಜೋತುಬಿದ್ದ ಗಿರಾಕಿ
ನಿನಗೆ ಸಿಕ್ಕಿರಲಿಕ್ಕಿಲ್ಲ.
ಹೇಳಲಿಲ್ಲ.
ಆ ಬಾಗಿಲು ಒಡೆದವನು ಇವನೇ ಇರಬೇಕು.
ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.

ಮೂರು ದಿನ ರಜೆ, ಹೋಮ್‌ಸ್ಟೇಗಳೆಲ್ಲ ಭರ್ತಿ.
ಫೋನಿನಲ್ಲಿ ಒಬ್ಬಾಕೆ "ಕಪಲ್ಲಾ, ಫ್ಯಾಮಿಲಿಯಾ?" ಎಂದಳು;
ಎರಡೂ ಅಲ್ಲದ್ದಕ್ಕೆ ಅವಳಲ್ಲಿ ದರವಿರಲಿಲ್ಲ.
ಟೀ ಅಂಗಡಿಯವ, "ರಸ್ತೇಲಿ ನಡೀಬೇಡಿ, ಆನೆ ಇದೆ" ಅಂದ,
ಪಕ್ಕದ ಮನೆಗೆ ನೆಂಟರು ಬಂದಿದ್ದಾರೆ ಅನ್ನುವ ದನಿಯಲ್ಲಿ.

ತೆರೆದಿದ್ದದ್ದು ಒಂದೇ ಬಾಗಿಲು,
ಕಾಫಿ, ಮೆಣಸು ಕೊಳ್ಳುವ ಡಿಪೋ.
ಕಾಲಿಟ್ಟದ್ದೇ ಸೀನು. ಒಂದು, ಎರಡು, ಐದು.
"ಮೆಣಸು ಎಲ್ಲರನ್ನೂ ಹೀಗೇ ಮಾತಾಡಿಸೋದು," ಎಂದರು ಉತ್ತಯ್ಯ.
ಹೆಸರು ಕೇಳಿ, "ಅಂಗಡಿಗೇ ಅಂಗಡಿ ಬಂತಲ್ಲ!"
ಕೈಯ ಚಾಳಿ, ನನ್ನ ಬ್ಯಾಗನ್ನು ತೂಕಕ್ಕಿಟ್ಟರು.
ಹದಿಮೂರು ಕಿಲೋ ಇನ್ನೂರು.
"ತೇವ ಜಾಸ್ತಿ."
ನಿಜ. ಇರ್ಪುವಿನಲ್ಲಿ ನೆನೆದ ಸೀರೆಯಿತ್ತು ಒಳಗೆ.

ಚೋಂದಮ್ಮ ನನ್ನ ಕೊರಳ ಕರಡಿಗೆ ನೋಡಿದರು,
ಏನೂ ಕೇಳದೆ ಒಲೆಯ ಮೇಲಿನ ದೊಡ್ಡ ಪಾತ್ರೆ ಹಿತ್ತಿಲಿಗೆ ಸರಿಸಿ
ಅಕ್ಕಿ ಒಟ್ಟಿ ಸುಟ್ಟರು. ಕೈಪುಳಿ ಪಜ್ಜಿ ಬಡಿಸಿದರು.
ಕಹಿ, ಹುಳಿ, ಆಮೇಲೆ ಎಲ್ಲಿಂದಲೋ ಬೆಲ್ಲ.

ಮೂಟೆಗಳ ನಡುವೆ ಮಲಗಿದೆ.
ಮಗ್ಗುಲು ಬದಲಿಸಿದರೆ ಗೋಣಿಯೊಳಗಿನ ಒಣ ಕಾಫಿಯೂ ಗೊಣಗಿ
ಜಾಗ ಮಾಡಿಕೊಡುವುದು.
ನಿನ್ನೆಯ ಮಳೆಗೆ ಅರಳಿದ ತೋಟವೆಲ್ಲ
ಗವಾಕ್ಷಿಯಲ್ಲಿ ತೂರಿ ಬರಲು ನೂಕಾಡುತ್ತಿತ್ತು.
ದೂರದಲ್ಲಿ ಬಿದಿರು ಲಟಕ್ಕೆಂದಿತು.
ಅವರೂ ರಾತ್ರಿಗೊಂದು ಜಾಗ ಹುಡುಕುತ್ತಿರಬಹುದು.

ಬೆಳಗ್ಗೆ ದುಡ್ಡು ತೆಗೆದೆ. ಉತ್ತಯ್ಯ ಲೆಕ್ಕದ ಪುಸ್ತಕ ತಿರುಗಿಸಿ ತೋರಿಸಿದರು:
ಮೂಟೆ ಒಂದು, ಗದಗಿನದು.
ರಾತ್ರಿ ಇಟ್ಟದ್ದು. ಬೆಳಗ್ಗೆ ರವಾನೆ.
"ಇಟ್ಟ ಮಾಲಿಗೆ ನಾವು ಬಾಡಿಗೆ ತಗೊಳ್ಳೋದಿಲ್ಲ."
ಉದ್ದೇಶಕ್ಕೆ ಆ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ.

ಮಾನಂದವಾಡಿಯ ಬಸ್ಸಿನ ಬಳಿ ಲಾಡ್ಜಿನ ಹುಡುಗ ನಿಂತಿದ್ದ,
ಹಲ್ಲುಜ್ಜದ ಮುಖ, ಕೈಯಲ್ಲಿ ಆರಿದ ಟೀ.
ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ.
"ಇದ್ದೀರಾ?" ಅಂದ.
"ಇದ್ದೀನಿ."
ಟೀ ಒಂದೇ ಗುಟುಕಿಗೆ ಮುಗಿಸಿ, ಬ್ಯಾಗನ್ನು ತಾನೇ ಎತ್ತಿ ಸೀಟಿಗಿಟ್ಟ.

ಆಗ ಬಂತು ಸೀನು. ಒಂದೇ.
ಹೊರಡುವಾಗ ಒಂಟಿ ಸೀನು ಕೂಡದು ಅನ್ನುತ್ತಿದ್ದಳು ಅವ್ವ,
ಇನ್ನೊಂದು ಬರುವ ತನಕ ಹೊಸ್ತಿಲಲ್ಲಿ ಕೂರಿಸುತ್ತಿದ್ದಳು.
ಮೂಗು ಒರೆಸಿಕೊಂಡು
ಬಸ್ಸು ಹತ್ತಿದೆ.